ಇಗರ್ಜಿಯ ಜೀರ್ಣೋದ್ಧಾರವೋ, ಸಂಹಾರವೋ?

ಹಳೆಯ ಇಗರ್ಜಿಯನ್ನು ಕೆಡವಿ ಕಾಂಕ್ರೀಟಿನದನ್ನು ಕಟ್ಟಬೇಕೆಂಬ ಉತ್ಸಾಹ ನಮ್ಮ ಕರಾವಳಿಯ ಹಳ್ಳಿಗಳಿಗೂ ತಗುಲಿದೆ. ಇದಕ್ಕೆ ‘ಜೀರ್ಣೋದ್ಧಾರ’ವೆಂದು ಹೆಸರು. ಗೋಡೆಯೇ ಹೋದಮೇಲೆ ಉದ್ಧಾರವಾದದ್ದು ಯಾವುದು?

ಕಾರವಾರ, ಅಂಕೋಲೆಗಳ ಹಳ್ಳಿಯ ಇಗರ್ಜಿ ಪರದೇಶದ ಕಟ್ಟಡ, ಹೋದರೆ ಹೋಗಲಿ ಎನ್ನುವವರುಂಟು. ಕಮಾನಿನ ರೀತಿ ಪೋರ್ತುಗೀಜರದಿರಬಹುದು, ಕಲ್ಲು ಯಾರದು? 1801ರಲ್ಲಿ ಈ ದಾರಿಯಾಗಿ ಹೋದ ಬುಖಾನನ್, 1807ರ ತನ್ನ ಗ್ರಂಥದಲ್ಲಿ ‘ಲ್ಯಾಟರೈಟ್’ ಎಂದು ಹೆಸರಿಟ್ಟ ನಮ್ಮದೇ ಚಿರೇಕಲ್ಲು ಅದು. ಅಗೆಯುವಾಗ ಮೆತ್ತಗೆ, ಗಾಳಿಗೆ ಒಡ್ಡಿದರೆ ಗಟ್ಟಿ. ಅದರ ಮೇಲಿನ ಸುಣ್ಣದ ಗಾರೆ ಮಳೆಗಾಲದಲ್ಲಿ ಹೀರಿದ ತೇವವನ್ನು ಬಿಸಿಲಿಗೆ ಬಿಟ್ಟುಕೊಡುತ್ತದೆ. ಸಿಮೆಂಟು ಬಳಿದರೆ ತೇವ ಒಳಗೇ ಉಳಿದು ಕಲ್ಲನ್ನು ತಿನ್ನುತ್ತದೆ. ಕಾಂಕ್ರೀಟಿನೊಳಗಿನ ಕಬ್ಬಿಣಕ್ಕಾದರೂ ಕಡಲಿನ ಉಪ್ಪುಗಾಳಿಯಿಂದ ರಕ್ಷೆಯುಂಟೆ?

1784ರಲ್ಲಿ ಟಿಪ್ಪು ಕೆನರಾದ ಇಗರ್ಜಿಗಳನ್ನು ಕೆಡವಿಸಿದನೆಂದು ಇಂದಿಗೂ ನೊಂದುಕೊಳ್ಳುವವರಿದ್ದಾರೆ. ನೋವು ನ್ಯಾಯವೇ. ಆದರೆ ಸೆರೆಯಿಂದ ಬದುಕಿ ಬಂದವರು 1799ರ ತರುವಾಯ ಕೆನರಾದಲ್ಲಿ ಮತ್ತೆ ಎಬ್ಬಿಸಿದಂಥ ಗೋಡೆಗಳನ್ನು ವಂತಿಗೆಯೆತ್ತಿ, ವಾದ್ಯ ಊದಿಸಿ ಕೆಡವಿದರೆ ಅದು ಮಾತ್ರ ಪ್ರಗತಿಯೆ?

ಜನ ಹೆಚ್ಚಿದ್ದಾರೆ, ಮಾಡು ಸೋರುತ್ತದೆ ಎಂಬ ಮಾತು ಸುಳ್ಳಲ್ಲ. ಹಂಚು ಕೈಯಾಡಿಸಿರಿ, ಹುಳ ತಿಂದ ಪಕಾಸು ಬದಲಿಸಿರಿ, ಮಗ್ಗುಲಿಗೆ ಹಜಾರವೊಂದನ್ನು ಕಟ್ಟಿರಿ. ಸೋರುವ ಮಾಡಿಗಾಗಿ ಗೋಡೆಗೆ ಮರಣದಂಡನೆ ಬೇಡ.

ನೂರು ವರ್ಷ ಕಂಡ ಕಟ್ಟಡವನ್ನು ಕಾಯಲು ರಾಜ್ಯಕ್ಕೆ 1961ರ ಸ್ಮಾರಕಗಳ ಕಾಯಿದೆಯುಂಟು. ಕಾರವಾರವೇ 1976ರಿಂದ ಧರ್ಮಪ್ರಾಂತ. ಅಪ್ಪಣೆಗಾಗಿ ಗೋವೆಯ ಕಡೆ ನೋಡಬೇಕಾಗಿಲ್ಲ. ಪೂಜೆ ಕ್ರೈಸ್ತರದು, ನಿಜ, ಚರಿತ್ರೆ ಜಿಲ್ಲೆಯದು. ಹಾರೆ ಎತ್ತುವ ಮುನ್ನ ಜಿಲ್ಲೆಯ ಮಾತನ್ನೂ ಕೇಳಲಿ.