ಎತ್ತಿಗೆ ಜ್ವರ ಬಂದರೆ ಜಾಮೀನುದಾರನಿಗೆ ಬರೆ

ಗುಬ್ಬಿ ತಾಲ್ಲೂಕು ನಿಟ್ಟೂರಿನ ತೆಂಗು, ಅಡಿಕೆ ಬೆಳೆಗಾರರೊಬ್ಬರನ್ನು ಊಹಿಸಿಕೊಳ್ಳಿ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗ ತನ್ನ ಕ್ರೆಡಿಟ್ ಕಾರ್ಡಿನ ಮೇಲೆ ಅಪ್ಪನಿಗೊಂದು ಆ್ಯಡ್-ಆನ್ ಕಾರ್ಡ್ ಮಾಡಿಸಿಕೊಟ್ಟಿದ್ದಾನೆ. ತುಮಕೂರಿಗೆ ಹೋದಾಗ ಔಷಧಿ, ಗೊಬ್ಬರ ಕೊಳ್ಳಲು ಅನುಕೂಲವಾಗಲಿ ಎಂದು. ಅತ್ತ ಅಣ್ಣನ ಮಗ ಟ್ರ್ಯಾಕ್ಟರ್ ಸಾಲ ತೆಗೆಯುವಾಗ ‘ಚಿಕ್ಕಪ್ಪ, ಒಂದು ಸೈನ್ ಹಾಕ್ಬಿಡಿ’ ಎಂದಿದ್ದಕ್ಕೆ ಇವರು ಜಾಮೀನು ನಿಂತಿದ್ದಾರೆ. ಈಗ ಕೊಳವೆಬಾವಿ ಕೊರೆಸಲು ಸಾಲ ಕೇಳಿದರೆ ಮ್ಯಾನೇಜರು ‘ನಿಮ್ಮ ಸಿಬಿಲ್ ಸರಿಯಿಲ್ಲ’ ಎನ್ನುತ್ತಾರೆ. ಒಂದು ಕಂತೂ ತಪ್ಪಿಸದ ಮನುಷ್ಯನ ಅನುಮಾನ ಮಗನ ಕಾರ್ಡಿನ ಮೇಲೆ. ಆದರೆ ಕಂತು ತಪ್ಪಿಸಿದವನು ಅಣ್ಣನ ಮಗ, ಪೆಟ್ಟು ಕೊಟ್ಟದ್ದು ಆ ಜಾಮೀನಿನ ಸಹಿ.

ಸಾಲದ ಚರಿತ್ರೆ ದಾಖಲಿಸುವ ಸಿಬಿಲ್ ಕಂಪನಿಯ ವರದಿಯಲ್ಲಿ ಪ್ರತಿ ಖಾತೆಯ ಎದುರೂ ‘ಓನರ್‌ಶಿಪ್’ ಎಂಬ ಸಾಲೊಂದಿರುತ್ತದೆ. ಅಲ್ಲಿ ಬರುವುದು ನಾಲ್ಕು ಬಗೆ: ಸ್ವಂತ ಖಾತೆ, ಜಂಟಿ ಖಾತೆ, ಅಧಿಕೃತ ಬಳಕೆದಾರ, ಜಾಮೀನುದಾರ. 300ರಿಂದ 900ರವರೆಗಿನ ಅಂಕವನ್ನಷ್ಟೇ ನೋಡುವವರ ಕಣ್ಣಿಗೆ ಈ ಸಾಲು ಬೀಳುವುದೇ ಇಲ್ಲ. ಆದರೆ ಸಾಲ ಯಾರ ತಲೆಯ ಮೇಲಿದೆ ಎಂಬುದು ತಿಳಿಯುವುದೇ ಇಲ್ಲಿ.

ಆ್ಯಡ್-ಆನ್ ಕಾರ್ಡ್ ಹಿಡಿದವರು ಅಧಿಕೃತ ಬಳಕೆದಾರರು. ಅವರ ಖರ್ಚಿನ ಹೊಣೆ ಮೂಲ ಕಾರ್ಡುದಾರನದೇ ಎಂದು ರಿಸರ್ವ್ ಬ್ಯಾಂಕಿನ 2022ರ ಏಪ್ರಿಲ್ ನಿರ್ದೇಶನ ಖಚಿತವಾಗಿ ಹೇಳಿದೆ. ಅಮೆರಿಕದಲ್ಲೂ ಹೆಚ್ಚುಕಡಿಮೆ ಹೀಗೆಯೇ. ಗಂಡನ ಜೊತೆ ಅಲ್ಲಿಗೆ ಹೋದ ನಮ್ಮ ಹೆಣ್ಣುಮಕ್ಕಳು ಅವನ ಕಾರ್ಡಿಗೆ ಹೆಸರು ಸೇರಿಸಿಕೊಂಡು ಸಾಲದ ಚರಿತ್ರೆ ಕಟ್ಟಿಕೊಳ್ಳುತ್ತಾರೆ. ಗಂಡ ಬಿಲ್ ಕಟ್ಟದಿದ್ದರೆ ವರದಿಗೆ ಮಸಿ ಹತ್ತಬಹುದು. ಆದರೆ ಸಾಲದ ಹೊಣೆ ಸಾಮಾನ್ಯವಾಗಿ ಹೆಗಲಿಗೇರುವುದಿಲ್ಲ, ಹೆಸರು ತೆಗೆಸಿಕೊಂಡು ಹೊರಬರಲೂ ಸಾಧ್ಯ.

ಜಾಮೀನುದಾರನಿಗೆ ಈ ಬಾಗಿಲು ಇಲ್ಲ. 1872ರ ಕರಾರು ಕಾಯ್ದೆಯ 128ನೇ ಸೆಕ್ಷನ್ ಪ್ರಕಾರ, ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, ಅವನ ಹೊಣೆ ಸಾಲಗಾರನ ಹೊಣೆಯಷ್ಟೇ ದೊಡ್ಡದು. ‘ಮೊದಲು ಸಾಲಗಾರನನ್ನು ಹಿಡಿಯಿರಿ, ಆಮೇಲೆ ನನ್ನ ಹತ್ತಿರ ಬನ್ನಿ’ ಎನ್ನುವಂತಿಲ್ಲ. ಬ್ಯಾಂಕ್ ಆಫ್ ಬಿಹಾರ್ ಮತ್ತು ದಾಮೋದರ ಪ್ರಸಾದ್ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1968ರಲ್ಲೇ ಇದನ್ನು ಇತ್ಯರ್ಥಗೊಳಿಸಿತು. ಹಣ ಕಟ್ಟಿದ ಮೇಲೆ ಸಾಲಗಾರನಿಂದ ವಸೂಲು ಮಾಡುವ ಹಕ್ಕು ಜಾಮೀನುದಾರನಿಗೆ ಉಂಟು. ಆದರೆ ಅಣ್ಣನ ಮಗನ ಮೇಲೆ ಕೋರ್ಟಿಗೆ ಹೋಗುವವರು ಎಷ್ಟು ಮಂದಿ?

ನಮ್ಮ ಊರುಗಳಲ್ಲಿ ಜಾಮೀನಿನ ಸಹಿಯನ್ನು ಸಾಕ್ಷಿ ಸಹಿಯ ಹಾಗೆ ಕಾಣುತ್ತಾರೆ. ಸಂಬಂಧ ಕೆಡಬಾರದೆಂಬ ದಾಕ್ಷಿಣ್ಯ ಒಂದು ಕಡೆ, ಇಂಗ್ಲಿಷಿನಲ್ಲಿ ಅಚ್ಚಾದ ಹತ್ತಾರು ಪುಟ ಇನ್ನೊಂದು ಕಡೆ. ಜಾಮೀನುದಾರನನ್ನು ಕೇಳದೆ ಸಾಲದ ಷರತ್ತು ಬದಲಿಸಿದರೆ ನಂತರದ ವ್ಯವಹಾರಕ್ಕೆ ಅವನು ಹೊಣೆಯಲ್ಲ ಎಂದು ಅದೇ ಕಾಯ್ದೆಯ 133ನೇ ಸೆಕ್ಷನ್ ರಕ್ಷಣೆ ಕೊಡುತ್ತದೆ. ಆದರೆ ಅಂಥ ಬದಲಾವಣೆಗೆ ಮುಂಗಡ ಒಪ್ಪಿಗೆ ಪಡೆಯುವ ವಾಕ್ಯ ಆ ಪುಟಗಳಲ್ಲೇ ಎಲ್ಲೋ ಅಡಗಿ ಕೂತಿರಬಹುದು.

ಜಾಮೀನನ್ನು ವರದಿಯಲ್ಲಿ ತೋರಿಸಲೇಬಾರದು ಎನ್ನುವುದು ಸರಿಯಲ್ಲ. ಹೊಣೆ ನಿಜವಾದ ಮೇಲೆ ದಾಖಲೆಯೂ ಇರಬೇಕು, ಇಲ್ಲದಿದ್ದರೆ ಬ್ಯಾಂಕು ಕಣ್ಣುಮುಚ್ಚಿ ಸಾಲ ಕೊಟ್ಟಂತೆ. ತಕರಾರು ಇರುವುದು ಸುದ್ದಿ ಮುಟ್ಟುವ ಕ್ರಮದ ಬಗ್ಗೆ. ಕ್ರೆಡಿಟ್ ಕಾರ್ಡ್ ಬಾಕಿದಾರನನ್ನು ಸುಸ್ತಿದಾರನೆಂದು ವರದಿ ಮಾಡುವ ಮೊದಲು ಅವನಿಗೆ 7 ದಿನದ ನೋಟಿಸ್ ಕೊಡಬೇಕೆಂದು ಅದೇ 2022ರ ನಿರ್ದೇಶನ ಹೇಳುತ್ತದೆ. ಹಣ ಬಳಸಿದವನಿಗೇ ಇಷ್ಟು ಕಾಲಾವಕಾಶ ಇರುವಾಗ, ಒಂದು ರೂಪಾಯಿಯನ್ನೂ ಮುಟ್ಟದ ಜಾಮೀನುದಾರನಿಗೆ ಅದಕ್ಕಿಂತ ಕಡಿಮೆ ಯಾಕೆ? ಮೊದಲ ಕಂತು ತಪ್ಪಿದ ದಿನವೇ ಅವನ ಮೊಬೈಲಿಗೆ ಕನ್ನಡದಲ್ಲಿ ಸಂದೇಶ ಬರಲಿ. ಅವನ ಹೆಸರಿಗೆ ಮಸಿ ಬಳಿಯುವ ಮುನ್ನ 7 ದಿನದ ಗಡುವು ಸಿಗಲಿ. ಸಹಿ ಹಾಕಿಸುವಾಗಲೇ ಹೊಣೆಯ ಮೊತ್ತವನ್ನು ಕನ್ನಡದ ಒಂದೇ ಹಾಳೆಯಲ್ಲಿ ಬರೆದು ಕೊಡಲಿ. ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ. ರಿಸರ್ವ್ ಬ್ಯಾಂಕಿನ ಒಂದು ಸುತ್ತೋಲೆ ಸಾಕು.

ಅಲ್ಲಿಯವರೆಗೆ ಓದುಗರ ಕೈಯಲ್ಲೂ ಒಂದಿಷ್ಟು ಇದೆ. 2017ರಿಂದ ಸಿಬಿಲ್ ಸೇರಿದಂತೆ ನಾಲ್ಕೂ ಕ್ರೆಡಿಟ್ ಮಾಹಿತಿ ಕಂಪನಿಗಳು ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ತರಿಸಿ, ಅಂಕಕ್ಕಿಂತ ಮೊದಲು ‘ಓನರ್‌ಶಿಪ್’ ಸಾಲು ಓದಿ. ತಪ್ಪಿದ್ದರೆ ದೂರು ಕೊಡಿ. 30 ದಿನದೊಳಗೆ ಇತ್ಯರ್ಥವಾಗದಿದ್ದರೆ ದಿನಕ್ಕೆ ₹100 ಪರಿಹಾರ ಕೇಳುವ ಹಕ್ಕಿದೆ. ಇನ್ನು ಯಾರಾದರೂ ‘ಒಂದು ಸೈನ್ ಹಾಕ್ಬಿಡಿ’ ಎಂದು ಮನೆಗೆ ಬಂದರೆ, ಆ ಕಂತನ್ನು ಕೊಬ್ಬರಿ ಮಾರಿದ ದುಡ್ಡಿನಲ್ಲಿ ನೀವೇ ಕಟ್ಟಬಲ್ಲಿರಾ ಎಂದು ಲೆಕ್ಕ ಹಾಕಿ. ಆಗದು ಎನಿಸಿದರೆ ಕಾಫಿ ಕೊಟ್ಟು ಕಳಿಸಿ, ಸಹಿ ಬೇಡ.