ಕಾಣದ ವಿರಾಮಗಳು

ಪಿಯಾನೋ ಎಂದರೆ ಇಟಲಿಯ ನುಡಿಯಲ್ಲಿ ‘ಮೆಲ್ಲಗೆ’. ಫೋರ್ಟೆ ಎಂದರೆ ‘ಗಟ್ಟಿಯಾಗಿ’. ಪಾಶ್ಚಾತ್ಯ ಸಂಗೀತಲಿಪಿಯಲ್ಲಿ ದನಿಯ ಏರಿಳಿತಕ್ಕೆ ಈ ಪದಗಳ ಮೊದಲಕ್ಷರಗಳೇ ಗುರುತು. ಸ್ವರ ಯಾವುದೆಂಬುದು ಒಂದು ಮಾತು, ಅದನ್ನು ಎಷ್ಟು ಬಲದಿಂದ ನುಡಿಸಬೇಕೆಂಬುದು ಇನ್ನೊಂದು.

ಹಾಲೆಂಡಿನ ಹಾನ್‌ವೆನ್ ನೀನ್‌ಹೌಯ್ಸ್ ಮತ್ತು ಯಾನ್ ನ್ಯೂವೆನ್‌ಹೌಯ್ಜೆನ್ 1996ರಲ್ಲಿ ಆರಂಭಿಸಿದ ‘ಲಿಲಿಪಾಂಡ್’ ಎಂಬ ತಂತ್ರಾಂಶದಲ್ಲಿ ಸಂಗೀತವನ್ನು ಪತ್ರ ಬರೆದಂತೆ ಅಕ್ಷರಗಳಲ್ಲಿಯೇ ಬರೆಯಬೇಕು. ಗೆರೆ, ಚುಕ್ಕೆಗಳ ಪುಟವನ್ನು ಕಂಪ್ಯೂಟರು ರಚಿಸಿಕೊಡುತ್ತದೆ. ಬಲದ ಗುರುತನ್ನು ಸ್ವರಕ್ಕೇ ಅಂಟಿಸುವುದು ಸುಲಭವಾದ ದಾರಿ. ಆದರೆ ಪಿಟೀಲಿನ ಒಂದೇ ದೀರ್ಘಸ್ವರ ನಡುವಿನವರೆಗೆ ಉಬ್ಬಿ, ಆಮೇಲೆ ಕರಗಬೇಕೆಂದರೆ ಆ ನಡುವಿನಲ್ಲಿ ಅಂಟಿಸುವುದಕ್ಕೆ ಬೇರೆ ಸ್ವರವೆಲ್ಲಿದೆ? (ಪಿಯಾನೋವಿಗೆ ಈ ಚಿಂತೆಯಿಲ್ಲ, ಅದರ ಸ್ವರ ಹುಟ್ಟಿದೊಡನೆಯೇ ಕರಗತೊಡಗುತ್ತದೆ.) ಇದಕ್ಕಾಗಿ ಬಲಕ್ಕೆಂದೇ ಬೇರೊಂದು ಸಾಲನ್ನು ಬರೆಯುವರು. ಅದರಲ್ಲಿ ನಾದವಿಲ್ಲ, ಕಾಲ ಮಾತ್ರ ಉಂಟು: ‘ಎಸ್’ ಅಕ್ಷರದಿಂದ ಸೂಚಿಸುವ, ಪುಟದಲ್ಲಿ ಕಾಣದ ವಿರಾಮಗಳು. ಅರ್ಧ ಕಾಲಕ್ಕೊಂದು ವಿರಾಮವಿಟ್ಟು ಅದಕ್ಕೆ ಗುರುತನ್ನು ತಗುಲಿಸಿದರೆ ಉಬ್ಬು ತಗ್ಗುಗಳು ತಮ್ಮ ಸ್ಥಾನದಲ್ಲಿ ನಿಲ್ಲುತ್ತವೆ. ಪಿಯಾನೋ ಪುಟದಲ್ಲಂತೂ ಈ ಸಾಲು ಎರಡು ಕೈಗಳ ಗೆರೆಪಟ್ಟಿಗಳ ನಡುವೆ, ಎರಡಕ್ಕೂ ಸೇರಿದಂತೆ, ಹಾಯಾಗಿ ಕುಳಿತುಕೊಳ್ಳುತ್ತದೆ.

ಸ್ವರವನ್ನು ತಿದ್ದಿದರೆ ಬಲದ ಸಾಲು ಕದಲದು. ಅನುಕೂಲವೂ ಇದೇ, ಅಪಾಯವೂ ಇದೇ. ಸ್ವರಗಳ ನಡುವೆ ಹೊಸದಾಗಿ ನಾಲ್ಕು ಎಣಿಕೆಗಳನ್ನು ಸೇರಿಸಿ ಇಲ್ಲಿ ಮರೆತರೆ, ಅಲ್ಲಿಂದ ಮುಂದೆ ಜೋಗುಳದ ನಡುವೆಯೇ ಗರ್ಜನೆ! ಎಣಿಕೆಯ ಕೊನೆಗೊಂದು ನಿಲುಗೆರೆ ಬರೆದಿದ್ದರೆ ಅರೆಬರೆ ಲೆಕ್ಕ ತಪ್ಪಿದಾಗ ತಂತ್ರಾಂಶ ಎಚ್ಚರಿಸುತ್ತದೆ. ಇಡೀ ಆವರ್ತವೇ ತಪ್ಪಿದ್ದರೆ ಅದು ಮೌನ; ಬರೆದವನೇ ಮೊದಲಿನಿಂದ ಎಣಿಸಬೇಕು.