ಉಸಿರು ಕಟ್ಟುವ ಪಂದ್ಯ ಬೇಡ

ಹೊಳೆಯಲ್ಲಿ ಮುಳುಗಿ 'ಯಾರು ಹೆಚ್ಚು ಹೊತ್ತು' ಎಂದು ಪಂದ್ಯ ಕಟ್ಟುವ ಮಕ್ಕಳು ನಮ್ಮಲ್ಲಿ ಕಡಿಮೆಯಿಲ್ಲ. ಅವರಿಗೆ ಕೊರಿಯಾದ ಜೆಜು ದ್ವೀಪದ ಹೇನ್ಯೊ ಮಹಿಳೆಯರ ಕಥೆ ಹೇಳೋಣ. ಸಿಲಿಂಡರಿಲ್ಲದೆ ಮುಳುಗಿ ಚಿಪ್ಪುಜೀವಿ ಹೆಕ್ಕುವ ಇವರ ಸಂಸ್ಕೃತಿಯನ್ನು 2016ರಲ್ಲಿ ಯುನೆಸ್ಕೋ ಪರಂಪರೆಯ ಪಟ್ಟಿಗೆ ಸೇರಿಸಿತು. ಉಸಿರು ಕಟ್ಟಿ ಮುಖ ತಣ್ಣೀರಿಗೆ ತಾಗಿದೊಡನೆ ವೇಗಸ್ ನರ ಹೃದಯಬಡಿತವನ್ನು ಇಳಿಸುತ್ತದೆ; ಕೈಕಾಲಿನ ರಕ್ತನಾಳಗಳು ಕುಗ್ಗಿ, ಆಮ್ಲಜನಕ ಮಿದುಳು, ಹೃದಯಗಳಿಗೆ ಉಳಿಯುತ್ತದೆ. ಎಲ್ಲರಲ್ಲೂ ಇರುವ ಈ ಗುಣ ಪಳಗಿದವರಲ್ಲಿ ಹೆಚ್ಚು.

ಆದರೆ (ಮಕ್ಕಳು ಮಾಡುವುದೇ ಇದನ್ನು!) ಮುಳುಗುವ ಮೊದಲು ಬುಸುಬುಸು ಉಸಿರೆಳೆದು ಬಿಟ್ಟರೆ ರಕ್ತದ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ. ಉಸಿರಾಡಬೇಕೆಂಬ ತಹತಹ ತಡವಾಗುತ್ತದೆ. ಅಷ್ಟರಲ್ಲಿ ಆಮ್ಲಜನಕ ಸಾಲದೆ, ನೀರೊಳಗೇ ಎಚ್ಚರ ತಪ್ಪಬಹುದು. ಹೃದಯದ ಪಾಠದ ದಿನವೇ ಇದನ್ನೂ ಹೇಳಬೇಕು ಎಂಬುದು ನಮ್ಮ ಅಭಿಪ್ರಾಯ. ಪರೀಕ್ಷೆಗೆ ಬರುವುದಿಲ್ಲವೆಂದು ಬಿಡುವುದು ಬೇಡ.